ಗಮ್ ಡಬ್ಬಿ ಮೇಲೆ ಕನ್ನಡ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ರಸ್ತೆ ಗುಂಡಿ, ಬೀದಿ ದೀಪ, ಬಸ್ಸು ನಿಲ್ಸಲ್ಲ ಅಂತ ನಿಮಗೆ ದಿನಾ ಪತ್ರ ಬರ್ತಾವೆ, ಇದು ನಮ್ಮನೆ ಬಚ್ಚಲುಮನೆ ಪತ್ರ, ಪೈಪು ಜೋಡಿಸೋ ಗಮ್ ಡಬ್ಬಿ ಮೇಲೆ ಕನ್ನಡ ಇಲ್ಲದೆ ನಾವು ಪಟ್ಟ ಪಾಡು. ಸ್ವಲ್ಪ ಉದ್ದ ಆಗಬಹುದು, ಕತ್ತರಿಸೋದಾದ್ರೆ ನನ್ನ ಗೋಳು ಕತ್ತರಿಸಿ, ಮೇಸ್ತ್ರಿ ಹೇಳಿದ ಮಾತು ಮಾತ್ರ ಉಳಿಸಿ.

ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಮನೆ ಮಾವನವರು 1986ರಲ್ಲಿ ಕಟ್ಸಿದ್ದು, ರೆಡಾಕ್ಸೈಡ್ ನೆಲ, ಗೋಡೆ ಒಳಗೆಲ್ಲಾ ಜಿಐ ಪೈಪು, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು. ಎರಡು ವರ್ಷದಿಂದ ನಲ್ಲೀಲಿ ಕೆಂಪು ನೀರು, ಅದೂ ಬೆಳಿಗ್ಗೆ ಹೊತ್ತು ಸಣ್ಣಗೆ ದಾರದ ಥರ. ಪ್ಲಂಬರ್ ಒಬ್ರು ಬಂದು ನೋಡಿ ತಲೆ ಆಡಿಸಿ ಹೋದವರು "ನಾಳೆ ಬರ್ತೀನಿ ಮೇಡಮ್" ಅಂದ್ರು, ಆ ನಾಳೆ ಬರ್ಲೇ ಇಲ್ಲ. ಬೇಸಿಗೆ ರಜೆ ಇತ್ತಲ್ಲ, ನಮ್ಮನೆಯವರು ನಾವೇ ಮಾಡೋಣ ಬಿಡು, ಫೋನಲ್ಲಿ ವಿಡಿಯೋ ನೋಡಿದ್ರೆ ಎಲ್ಲಾ ಬರುತ್ತೆ ಅಂದ್ರು. ನಾನೂ ಹೂಂ ಅಂದೆ, ಅದೇ ತಪ್ಪು ಅಂತ ಆಮೇಲೆ ಒಬ್ಬರಿಗೊಬ್ಬರು ಸುಮಾರು ಸಲ ಹೇಳ್ಕೊಂಡಿದೀವಿ.

ಹಳೇ ಪೈಪು ಒಡೆದು ತೆಗೆದಾಗ ನೋಡಬೇಕಿತ್ತು ನೀವು, ಅರ್ಧ ಇಂಚಿನ ಪೈಪು, ಒಳಗೆ ತುಕ್ಕು ಕಟ್ಟಿ ಕಟ್ಟಿ ಪೆನ್ಸಿಲ್ ತೂರೋ ಅಷ್ಟು ಜಾಗ ಉಳಿದಿತ್ತು. ಹೊಸದಾಗಿ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕೋದು ಅಂತ ಆಯ್ತು, ಆ ಕ್ರೀಮ್ ಬಣ್ಣದ್ದು, ಬಿಸಿನೀರಿಗೂ ಆಗುತ್ತೆ. ಬಿಳೀದು ಯುಪಿವಿಸಿ, ಅದು ತಣ್ಣೀರಿಗೆ ಮಾತ್ರ, ಗೀಸರ್ ಲೈನಿಗೆ ಹಾಕಿದ್ರೆ ಮೆತ್ತಗಾಗುತ್ತೆ. ಇಷ್ಟು ವಿಡಿಯೋ ನೋಡಿ ಗೊತ್ತಿತ್ತು. ಅಂಗಡೀಲಿ ಪೈಪು, ಮೂಲೆ ತಿರುಗಿಸೋ ಎಲ್ಬೋ, ಕವಲು ಒಡೆಯೋ ಟೀ, ನಲ್ಲಿ ಕೂರೋ ಕಡೆಗೆ ಬ್ರಾಸ್ ಎಲ್ಬೋ ಎಲ್ಲಾ ತಗೊಂಡು ಕೊನೇಲಿ "ಒಂದು ಗಮ್ ಕೊಡಿ" ಅಂದೆ. ಅವರು ಕೊಟ್ರು. ನಾನು ಚೀಲಕ್ಕೆ ಹಾಕ್ಕೊಂಡೆ.

ಎಂಟೇ ದಿನ. ಒಂಬತ್ತನೇ ದಿನ ಬೆಳಿಗ್ಗೆ ಗೀಸರ್ ಹಾಕಿ ನಮ್ಮ ಮಗಳು ಸ್ನಾನಕ್ಕೆ ಹೋಗಿದಾಳೆ, ಟಪ್ ಅಂತ ಸದ್ದು, ಎಲ್ಬೋ ಪೈಪಿಂದ ಕಳಚಿ ಬಿಸಿನೀರು ಎದುರು ಗೋಡೆಗೆ ಬಡೀತಿದೆ. ಪುಣ್ಯಕ್ಕೆ ಅವಳು ಆ ಪಕ್ಕ ನಿಂತಿದ್ಲು. ನೀರು ಬಂದ್ ಮಾಡೋ ಗೇಟ್ ವಾಲ್ವ್ ತಿರುಗಿಸೋಕೆ ಹೋದ್ರೆ ಅದೂ 1986ರದ್ದೇ, ಅಲ್ಲಾಡಲಿಲ್ಲ, ನಮ್ಮನೆಯವರು ಲುಂಗಿ ಮೇಲೆ ಕಟ್ಕೊಂಡು ತಾರಸಿ ಹತ್ತಿ ಟ್ಯಾಂಕಿನ ಬಾಯಿಗೆ ಹಳೇ ಬಟ್ಟೆ ತುರುಕಿದ್ರು. ಅಷ್ಟೊತ್ತಿಗೆ ನಡುಮನೇಲೆಲ್ಲಾ ನೀರು.

ಆಗ ಪಕ್ಕದ ಬೀದಿ ಮೇಸ್ತ್ರಿಗಳನ್ನ ಕರೆಸಿದ್ವಿ. ವಯಸ್ಸಾದವರು, ಗಾರೆ ಕೆಲಸ, ಪ್ಲಂಬಿಂಗು ಎರಡೂ ಮಾಡ್ತಾರೆ. ಡಬ್ಬಿ ಕೈಗೆ ತಗೊಂಡು ಬ್ರಷ್ ಎತ್ತಿ ನೋಡಿ "ಟೀಚರಮ್ಮ, ಇದು ಬಿಳಿ ಪೈಪಿನ ಗಮ್ಮು, ನಿಮ್ಮ ಪೈಪಿಗೆ ಹಳದಿ ಗಮ್ಮು ಬೇಕು" ಅಂದ್ರು. ನಾನು ಡಬ್ಬಿ ತಿರುಗಿಸಿ ಸಣ್ಣಕ್ಷರದಲ್ಲಿ ಓದಿದೆ, ಹೌದು, ಇಂಗ್ಲಿಷಲ್ಲಿ ಬರೆದೇ ಇತ್ತು. ಓದೋಕೆ ಬರೋ ನಾನು ಓದಿರಲಿಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ. "ನೀವು ಓದದೇ ಹೆಂಗೆ ಹೇಳಿದ್ರಿ ಮೇಸ್ತ್ರಿಗಳೇ" ಅಂದೆ. ಅದಕ್ಕೆ ಅವರು "ನಮಗೆ ಎಲ್ಲಮ್ಮಾ ಓದೋಕೆ ಬರ್ತದೆ ಅದು, ಬಣ್ಣ ನೋಡಿ ತಗೋತೀವಿ. ಕಂಪ್ನಿಯವ್ರು ಬಣ್ಣ ಬದಲಾಯಿಸಿದ್ರೆ ನಾವು ಕೆಟ್ವಿ" ಅಂದ್ರು.

ಇದೇ ಮೇಸ್ತ್ರಿಗಳು ದಿನಾ ಬೆಳಿಗ್ಗೆ ಟೀ ಅಂಗಡೀಲಿ ನಿಮ್ಮ ಪೇಪರನ್ನ ಮೊದಲ ಪುಟದಿಂದ ಕೊನೇ ಪುಟದ ತನಕ ಓದ್ತಾರೆ, ನಾನೇ ನೋಡಿದೀನಿ, ಸಂಪಾದಕೀಯ ಕೂಡ ಬಿಡಲ್ಲ. ಓದು ಬರದವರಲ್ಲ ಅವರು. ಅವರು ದಿನಾ ಕೈಯಲ್ಲಿ ಹಿಡಿಯೋ ಡಬ್ಬಿ ಮಾತ್ರ ಅವರ ಹತ್ರ ಮಾತಾಡಲ್ಲ.

ಆ ಡಬ್ಬಿ ಮೇಲೆ ಇನ್ನೂ ಏನೇನಿತ್ತು ಅಂತ ಅವತ್ತು ರಾತ್ರಿ ಕೂತು ಓದಿದೆ. ಪೈಪ್ ಕೊಯ್ದ ಮೇಲೆ ಬಾಯಿ ಹತ್ರ ಏಳೋ ಸಿಬರು ಕೆರೆದು ತೆಗೀಬೇಕು, ಒಣ ಬಟ್ಟೇಲಿ ಒರೆಸಬೇಕು, ಪೈಪಿಗೂ ಫಿಟ್ಟಿಂಗಿಗೂ ಎರಡಕ್ಕೂ ಹಚ್ಚಬೇಕು, ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ 30 ಸೆಕೆಂಡ್ ಅದುಮಿ ಹಿಡ್ಕೋಬೇಕು, ಆಮೇಲೆ ಇಷ್ಟು ಹೊತ್ತು ನೀರು ಬಿಡಬಾರದು. ಯಾಕಂದ್ರೆ ಅದು ಅಂಟು ಅಲ್ವೇ ಅಲ್ಲ, ಪ್ಲಾಸ್ಟಿಕ್ಕಿನ ಮೇಲ್ಪದರಾನೇ ಕರಗಿಸಿ ಎರಡನ್ನೂ ಒಂದು ಮಾಡುತ್ತೆ, ಹಿಡ್ಕೊಳ್ದಿದ್ರೆ ಪೈಪು ಹಿಂದಕ್ಕೆ ಜಾರುತ್ತೆ. ಇದನ್ನ ಕನ್ನಡದಲ್ಲಿ ಬರೆಯೋಕೆ ಆರು ಸಾಲು ಸಾಕು. ನಾವು ಇದರಲ್ಲಿ ಅರ್ಧ ಮಾಡಿರಲಿಲ್ಲ, ಹಚ್ಚಿ ತುರುಕಿ ಮುಂದಿನದಕ್ಕೆ ಹೋಗಿದ್ವಿ.

ನೆಲದ ಕಥೆ ಇನ್ನೂ ಚೆನ್ನಾಗಿದೆ. ಅಡುಗೆಮನೆ ರೆಡಾಕ್ಸೈಡ್ ಬಿರುಕು ಬಿಟ್ಟಿತ್ತು, ಅದರ ಮೇಲೇ ವಿಟ್ರಿಫೈಡ್ ಟೈಲ್ಸ್ ಹಾಕೋಣ ಅಂತ. (ರೆಡಾಕ್ಸೈಡ್ ಮುಚ್ಚಿದ್ದಕ್ಕೆ ಅತ್ತೆಯವರಿಗೆ ಈಗಲೂ ಬೇಜಾರು, ನಿಜ ಹೇಳ್ಬೇಕಂದ್ರೆ ನನಗೂ.) ಈ ಕೆಲಸಕ್ಕೆ ಬೇರೆ ಹುಡುಗರು ಬಂದ್ರು, ಬಂದವರೇ ಟೈಲ್ಸನ್ನ ಬಕೆಟ್ ನೀರಲ್ಲಿ ನೆನೆಹಾಕಿದ್ರು, ಸಿಮೆಂಟ್ ಹಾಲು ಸುರಿದು ಟೈಲ್ಸ್ ಕೂರಿಸಿ ಸುತ್ತಿಗೆ ಹಿಡೀಲಿ ತಟ್ಟಿ ಹೋದ್ರು. ಹದಿನೈದು ದಿನಕ್ಕೆ ಗ್ಯಾಸ್ ಕಟ್ಟೆ ಮುಂದಿನ ಟೈಲ್ಸ್ ಕಾಲಿಟ್ರೆ ಟೊಳ್ಳು ಟೊಳ್ಳು ಸದ್ದು. ರೂಪಾಯಿ ನಾಣ್ಯದಲ್ಲಿ ತಟ್ಟಿ ನೋಡಿದ್ರೆ ಗೊತ್ತಾಗಿಬಿಡುತ್ತೆ. ಎತ್ತಿದ್ರೆ ಟೈಲ್ಸಿನ ಬೆನ್ನು ತೊಳೆದಿಟ್ಟ ತಟ್ಟೆ ಥರ ಇತ್ತು, ಒಂದು ಚೂರು ಸಿಮೆಂಟ್ ಅಂಟಿಲ್ಲ.

ಕಾರಣ ಸರಳ. ಗೋಡೆಗೆ ಹಾಕೋ ಸಾದಾ ಟೈಲ್ಸು ನೀರು ಚೆನ್ನಾಗಿ ಹೀರುತ್ತೆ, ಅದಕ್ಕೆ ಸಿಮೆಂಟಲ್ಲಿ ಕೂರಿಸೋಕೆ ಮುಂಚೆ ನೆನೆಸ್ತಾರೆ. ವಿಟ್ರಿಫೈಡ್ ಹೀರೋದು ಶೇಕಡಾ 0.5ಕ್ಕಿಂತ ಕಮ್ಮಿ, ಹೆಚ್ಚುಕಮ್ಮಿ ಗಾಜು. ನೆನೆಸಿದ್ರೆ ಬೆನ್ನ ಮೇಲೆ ನೀರು ನಿಲ್ಲುತ್ತೆ ಅಷ್ಟೇ, ಸಿಮೆಂಟ್ ಹಿಡಿಯೋಕೆ ಜಾಗವೇ ಇಲ್ಲ. ಅದಕ್ಕೆ ಟೈಲ್ಸ್ ಅಂಟಿಸೋ ಟೈಲ್ ಅಡ್ಹೆಸಿವ್ ಬೇಕು, ಚೀಲದ ಮೇಲೆ ಐಎಸ್ 15477 ಅಂತ ಭಾರತೀಯ ಮಾನಕದ ನಂಬರ್ ಇರೋದು. ಎರಡನೇ ಸಲ ನಾವೇ ತಂದ್ವಿ, ಹಳೇ ನೆಲಕ್ಕೆ ಉಳಿ ಹಾಕಿ ಕಚ್ಚು ಮಾಡಿದ್ವಿ, ಚೀಲದ ಮೇಲೆ ಬರೆದಷ್ಟೇ ನೀರು ಅಳೆದು ಕಲಸಿದ್ವಿ, ಕಲಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಸಬೇಕು, ಇಡ್ಲಿ ಹಿಟ್ಟಿನ ಹದ ಅಂತ ನಾನು ಅಂದ್ಕೊಂಡಿದ್ದೆ, ಅದಕ್ಕಿಂತ ಗಟ್ಟಿ. ಹಲ್ಲು ಹಲ್ಲು ಇರೋ ಕರಣೇಲಿ ಗೆರೆ ಎಳೆದು ಮೇಲೆ ಟೈಲ್ಸ್ ಒತ್ತಿದ್ವಿ. ಇದೆಲ್ಲಾ ಚೀಲದ ಮೇಲೇ ಇದೆ, ಹಿಂದೀಲಿ ಇಂಗ್ಲಿಷಲ್ಲಿ. ಆದ್ರೆ ಆ ಹುಡುಗರಲ್ಲಿ ಇಬ್ರು ಪಿಯುಸಿ ತನಕ ಕನ್ನಡ ಮೀಡಿಯಮ್ಮಲ್ಲಿ ಓದಿದವರು, ಅವರನ್ನ ಕೆಲಸ ಬರದವರು ಅಂತ ನಾನು ಬೈದು ಕಳಿಸಿದ್ದೆ, ಈಗ ನೆನೆಸಿದ್ರೆ ಬೇಜಾರಾಗುತ್ತೆ.

ಇನ್ನೊಂದು ಮಾತು, ಇದು ಯಾವ ಚೀಲದ ಮೇಲೂ ಇಲ್ಲ, ಹಳೇ ನೆಲದ ಮೇಲೆ ಟೈಲ್ಸ್ ಹಾಕೋರು ಬಾಗಿಲು ತೆಗೆದು ಮುಚ್ಚಿ ನೋಡ್ಕೊಳ್ಳಿ. ಟೈಲ್ಸು, ಅಡ್ಹೆಸಿವ್ ಸೇರಿ ಅರ್ಧ ಇಂಚು ಏರಿತು, ಹಿತ್ತಲ ಬಾಗಿಲು ನೆಲಕ್ಕೆ ಕಚ್ಕೊಂಡು ಕೂತಿತು, ಬಡಗಿ ಕರೆಸಿ ಕೆಳಗೆ ಹೆರೆಸಬೇಕಾಯ್ತು.

ಬಚ್ಚಲಿನ ವಾಟ ಮಾತ್ರ ಮೇಸ್ತ್ರಿಗಳೇ ನಿಂತು ಮಾಡಿಸಿದ್ರು. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಅಂತ ಅವರ ಲೆಕ್ಕ, ರಸಮಟ್ಟ ಇಟ್ಟು ದಾರ ಕಟ್ಟಿ. ಕೊನೇಲಿ ಒಂದು ಬಕೆಟ್ ನೀರು ಸುರಿದು ಎಲ್ಲೂ ನಿಲ್ಲದೆ ಜಾಲರಿಗೆ ಹೋಗೋದನ್ನ ನೋಡೋವರೆಗೂ ದುಡ್ಡು ಮುಟ್ಟಲಿಲ್ಲ. ಮಹಡಿ ಮೇಲಿನ ಬಚ್ಚಲು ವಾಸನೆ ಬರುತ್ತೆ ಅಂದ್ರೆ ಅವರು ನಕ್ಕು, ಬಳಸದೇ ಇದ್ರೆ ಜಾಲರಿ ಕೆಳಗಿನ ಟ್ರ್ಯಾಪಲ್ಲಿ ನಿಂತಿರೋ ನೀರು ಆರಿಹೋಗುತ್ತೆ, ಚರಂಡಿ ಗಾಳಿ ಮೇಲೆ ಬರುತ್ತೆ, ವಾರಕ್ಕೊಂದು ಚೊಂಬು ನೀರು ಹಾಕಿ ಅಂದ್ರು. ವಾಸನೆ ಹೋಯ್ತು. ನಾವು ಅದಕ್ಕೆ ಮೂರು ತರದ ಆಸಿಡ್ಡು ತಂದಿದ್ವಿ.

ಈಗ ವಿಷಯಕ್ಕೆ ಬರ್ತೀನಿ. ಪೊಟ್ಟಣ ಸಾಮಾನಿನ ಬಗ್ಗೆ ಕೇಂದ್ರದ 2011ರ ನಿಯಮ ಇದೆ, ಅದರ ಪ್ರಕಾರ ತೂಕ, ಬೆಲೆ, ತಯಾರಕರ ಹೆಸರು ಎಲ್ಲಾ ಹಿಂದಿ ಅಥವಾ ಇಂಗ್ಲಿಷಲ್ಲಿ ಇದ್ರೆ ಸಾಕು, ಬೇರೆ ಭಾಷೆ ಸೇರಿಸಿದ್ರೆ ಬೇಡ ಅನ್ನಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರದ್ದು, ರಾಜ್ಯದಲ್ಲಿ ತಯಾರಾಗೋ ಸಾಮಾನಿನ ಹೆಸರು, ಬಳಸೋ ವಿಧಾನ ಸಾಧ್ಯವಾದಷ್ಟು ಕನ್ನಡದಲ್ಲೂ ಇರಬೇಕು ಅನ್ನುತ್ತೆ. ಸಾಧ್ಯವಾದಷ್ಟು ಅನ್ನೋ ಪದ ಎಷ್ಟು ಜಾಣ ನೋಡಿ. ಅದೂ ರಾಜ್ಯದಲ್ಲಿ ತಯಾರಾಗೋದಕ್ಕೆ ಮಾತ್ರ, ಟೈಲ್ಸ್ ನೋಡಿದ್ರೆ ಗುಜರಾತಿನ ಮೋರ್ಬಿ ಕಡೆಯಿಂದ ಲಾರಿ ಲಾರಿ ಬರ್ತಾವೆ. ಶಾಂಪೂ, ಬಿಸ್ಕತ್ತಿನ ಜಾಹೀರಾತು ಕನ್ನಡದಲ್ಲಿ ಬರುತ್ತೆ, ಟೈಲ್ಸ್ ಕಂಪನಿಗಳೂ ನಿಮ್ಮ ಪೇಪರಲ್ಲಿ ಅರ್ಧ ಪುಟ ಕನ್ನಡದಲ್ಲಿ ಜಾಹೀರಾತು ಕೊಡ್ತಾರೆ, ಕೊಳ್ಳಿ ಅನ್ನೋಕೆ ಬರೋ ಕನ್ನಡ ಹೆಂಗೆ ಬಳಸಬೇಕು ಅನ್ನೋಕೆ ಯಾಕೆ ಬರಲ್ಲ?

ಕೆಲವರು ಚಿತ್ರ ಹಾಕಿರ್ತಾರಲ್ಲ ಅಂತಾರೆ. ಚಿತ್ರ ಇದೆ, ಬೆರಳುಗುರಿನಷ್ಟು. ಕ್ಯೂಆರ್ ಕೋಡ್ ಇದೆ ಅಂತಾರೆ. ಸಿಮೆಂಟ್ ಮೆತ್ತಿದ ಕೈಯಲ್ಲಿ ಯಾರು ಫೋನ್ ತೆಗೀತಾರೆ ಸ್ವಾಮಿ, ಸ್ಕ್ಯಾನ್ ಮಾಡಿ ನೋಡಿದೆ, ಅಲ್ಲೂ ಇಂಗ್ಲಿಷೇ.

ಡ್ರಿಲ್ಲಿಂಗ್ ಬಗ್ಗೆ ಬರೆದ್ರೆ ಜಾಗ ಸಾಲಲ್ಲ, ಇಷ್ಟೇ ಹೇಳ್ತೀನಿ, ಟೈಲ್ಸಿಗೆ ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ (ಕುಟ್ಟೋ ಸೆಟ್ಟಿಂಗ್) ಆಫ್ ಮಾಡಿ, ನಲ್ಲಿಯ ನೇರ ಮೇಲ್ಗಡೆ ಕೊರೀಬೇಡಿ, ಗೋಡೆ ಮುಚ್ಚೋಕೆ ಮುಂಚೆ ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಟೇಪ್ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ. ಕರೆಂಟ್ ಕೆಲಸಕ್ಕೆ ನಾವು ಕೈ ಹಾಕ್ಲಿಲ್ಲ, ಲೈಸೆನ್ಸ್ ಇರೋರನ್ನೇ ಕರೆಸಿದ್ವಿ.

ನನ್ನ ಕೇಳಿಕೆ ಎರಡು. ಬೇರೆ ರಾಜ್ಯದಿಂದ ಬಂದ್ರೂ ಇಲ್ಲಿ ಮಾರೋ ಗಮ್ಮು, ಅಡ್ಹೆಸಿವ್, ವಾಟರ್‌ಪ್ರೂಫಿಂಗ್ ಡಬ್ಬಿ ಮೇಲೆ ಬಳಸೋ ಕ್ರಮ ಕನ್ನಡದಲ್ಲಿ ಇರೋ ಹಾಗೆ ಸರ್ಕಾರ ಮಾಡಬೇಕು, ಸಾಧ್ಯವಾದಷ್ಟು ಅನ್ನೋದು ಬಿಟ್ಟು. ಎರಡನೇದು ನಿಮಗೆ, ಕೃಷಿಗೆ ಒಂದು ಪುಟ ಕೊಡ್ತೀರಲ್ಲ, ವಾರಕ್ಕೊಂದು ಕಾಲಮ್ ಮನೆ ರಿಪೇರಿಗೆ ಕೊಡಿ, ನಮ್ಮ ಮೇಸ್ತ್ರಿಯಂಥವರ ಬಾಯಲ್ಲಿ ಕೇಳಿ ಬರೆಸಿ.

ಅಲ್ಲಿವರೆಗೆ ನಾನು ಒಂದು ಕೆಲಸ ಮಾಡಿದೀನಿ. ಶಾಲೆಯ ಡ್ರಾಯಿಂಗ್ ಶೀಟಲ್ಲಿ ದಪ್ಪಕ್ಷರದಲ್ಲಿ, ಬಿಳಿ ಪೈಪಿಗೆ ಯಾವ ಗಮ್ಮು, ಕ್ರೀಮ್ ಪೈಪಿಗೆ ಯಾವುದು, 30 ಸೆಕೆಂಡ್ ಹಿಡೀರಿ, ವಿಟ್ರಿಫೈಡ್ ನೆನೆಸಬೇಡಿ ಅಂತ ಬರೆದು ಹಾರ್ಡ್‌ವೇರ್ ಅಂಗಡಿಯವರಿಗೆ ಕೊಟ್ಟೆ, ಅವರು ಗಲ್ಲಾ ಪಕ್ಕ ಅಂಟಿಸಿದಾರೆ. ಮೊನ್ನೆ ಗೇಟ್ ವಾಲ್ವ್ ತರೋಕೆ ಹೋದಾಗ ಇಬ್ರು ಹುಡುಗರು ನಿಂತು ಓದ್ತಿದ್ರು, ಅದರಲ್ಲಿ ಒಬ್ಬ ನಾನು ಬೈದು ಕಳಿಸಿದವನೇ.

ಇತಿ,
ಹಾಸನದ ಒಬ್ಬ ಟೀಚರ್