ಕಿಟ್ ವಾಪಸ್ ಒಯ್ಯಬೇಡ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಮೊನ್ನೆಯೇ ಓದಿದೆ. ನಮ್ಮ ಕಡೆಯ ಹುಡುಗಿಯರಿಗೆ ವಿಜ್ಞಾನದ ಕಾರ್ಯಾಗಾರ ಹೇಗೆ ಮಾಡಬೇಕು ಅಂತ ಕೇಳಿದ್ದೀಯಲ್ಲ. ಉತ್ತರ ಫೋನಿನಲ್ಲಿ ಕುಟ್ಟುವಷ್ಟು ಚಿಕ್ಕದಲ್ಲ, ಅದಕ್ಕೇ ಪತ್ರ. ಇದೇ ಪ್ರಶ್ನೆ ಕೇಳಿದವರು ಇನ್ನೂ ಕೆಲವರಿದ್ದಾರೆ. ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ನಿಮ್ಮ ಆಫೀಸಿನವರು ಫೆಬ್ರವರಿ 11ಕ್ಕೆ ಕುಮಟಾ ಕಡೆಯ ನಮ್ಮ ಶಾಲೆಗೆ, ಮರುದಿನ ಶಿರಸಿಗೆ ಬಂದು ಹುಡುಗಿಯರಿಗೆ ವಿಜ್ಞಾನ, ಎಂಜಿನಿಯರಿಂಗ್ ಕಾರ್ಯಾಗಾರ ಮಾಡುತ್ತಾರಂತೆ. ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ದಿನ ಅಂತ ವಿಶ್ವಸಂಸ್ಥೆ 2015ರಲ್ಲಿ ಘೋಷಿಸಿದ್ದು ಅದೇ ತಾರೀಕನ್ನು, ಗೊತ್ತು. ಆದರೆ ಫೆಬ್ರವರಿಯಲ್ಲಿ ನಮ್ಮ ಹತ್ತನೇ ತರಗತಿಯವರ ತಲೆಯಲ್ಲಿ ಪ್ರಿಪರೇಟರಿ ಪರೀಕ್ಷೆ ಬಿಟ್ಟು ಬೇರೇನೂ ಇರುವುದಿಲ್ಲ.  ಮಳೆಗಾಲದಲ್ಲಂತೂ ಕುಮಟಾ ಶಿರಸಿ ನಡುವಿನ ದೇವಿಮನೆ ಘಾಟ್ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ದೀಪಾವಳಿ ಮುಗಿಸಿ ಡಿಸೆಂಬರಿನಲ್ಲಿ ಬಾ. ಕ್ಯಾಲೆಂಡರಿನ ದಿನಕ್ಕಿಂತ ಮಕ್ಕಳ ದಿನ ನೋಡುವುದು ಒಳ್ಳೆಯದು, ಅಲ್ವಾ?

ಈಗ ಮುಖ್ಯ ವಿಷಯ. ಹಿಂದೆ ಒಂದು ಸಂಸ್ಥೆಯವರು ಬಂದಿದ್ದರು, ಹೆಸರು ಬೇಡ. ಚೆಂದದ ರೋಬೋಟ್ ಗಾಡಿಗಳು, ಬಣ್ಣದ ಟೀ ಶರ್ಟು, ಬ್ಯಾನರು. ಆರಾರು ಹುಡುಗಿಯರಿಗೆ ಒಂದೊಂದು ಗಾಡಿ. ಬಟನ್ ಒತ್ತಿದರೆ ಕಪ್ಪು ಗೆರೆಯ ಮೇಲೆ ತಾನೇ ಓಡುತ್ತಿತ್ತು. ಮಕ್ಕಳು ಕೂಗಿ ಕುಣಿದರು. ಮಧ್ಯಾಹ್ನ ಒಬ್ಬರು ಮುಕ್ಕಾಲು ಗಂಟೆ "ನೀವೂ ಸಾಧಿಸಬಹುದು" ಅಂತ ಭಾಷಣ ಮಾಡಿದರು. ನಾಲ್ಕು ಗಂಟೆಗೆ ಗಾಡಿಗಳನ್ನು ಎಣಿಸಿ, ಡಬ್ಬಕ್ಕೆ ತುಂಬಿಕೊಂಡು ಹೊರಟರು. ಮರುದಿನ ಎಂಟನೇ ತರಗತಿಯ ಒಬ್ಬಳು ಕೇಳಿದಳು, "ಅಕ್ಕೋರೆ, ಗೆರೆ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗ್ತದೆ?" ಹೊಟ್ಟೆಯಡಿ ಪುಟ್ಟ ಇನ್‌ಫ್ರಾರೆಡ್ ದೀಪ ಇರುತ್ತದೆ, ಬಿಳಿ ನೆಲ ಬೆಳಕನ್ನು ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಬಿಚ್ಚಿ ತೋರಿಸಲು ಗಾಡಿ ಎಲ್ಲಿತ್ತು?

ನಮ್ಮ ಹುಡುಗಿಯರಿಗೆ ಆಸಕ್ತಿ ಹುಟ್ಟಿಸಬೇಕು ಅಂತ ನಿಮ್ಮವರು ಅಂದುಕೊಂಡಿದ್ದಾರೆ. ಆಸಕ್ತಿಗೆ ಕೊರತೆ ಇಲ್ಲ ಮಾರಾಯಾ. ಅಂಕಗಳಿಗೂ ಇಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಪ್ರತಿ ವರ್ಷ ಹುಡುಗಿಯರದ್ದೇ ಮೇಲುಗೈ. ದೇಶದ ಲೆಕ್ಕ ನೋಡಿದರೂ ಕಾಲೇಜಿನಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವವರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಹುಡುಗಿಯರೇ. ಆದರೆ ಐಐಟಿಗಳು 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಇಡಬೇಕಾಯಿತು. ಪುಸ್ತಕದವರೆಗೆ ಬಂದವರು ಯಂತ್ರದ ಹತ್ತಿರ ಬರುವಾಗ ಕಡಿಮೆಯಾಗುತ್ತಾರೆ.

ಯಾಕೆ ಅಂತ ನೋಡಬೇಕಾದರೆ ನಮ್ಮ ಲ್ಯಾಬಿನಲ್ಲಿ ಒಂದು ಪಿರಿಯಡ್ ಕೂತರೆ ಸಾಕು. ನಾಲ್ಕು ಜನರ ತಂಡ ಮಾಡು. ಸ್ಕ್ರೂಡ್ರೈವರ್ ಹುಡುಗನ ಕೈಗೆ ಹೋಗುತ್ತದೆ. "ನಿನ್ನ ಅಕ್ಷರ ಚೆಂದ" ಅಂತ ಹುಡುಗಿಯ ಕೈಗೆ ಪೆನ್ನು ಬರುತ್ತದೆ. ಯಾರೂ ಬೇಕಂತ ಮಾಡುವುದಲ್ಲ. ಮನೆಯಲ್ಲೂ ಅದೇ. ಅಪ್ಪ ದೋಣಿಯ ಎಂಜಿನ್ ಬಿಚ್ಚುವಾಗ ಸ್ಪ್ಯಾನರ್ ಕೊಡುವವನು ತಮ್ಮ, ಟಾರ್ಚ್ ಹಿಡಿಯುವವಳು ಅಕ್ಕ. ಘಟ್ಟದ ಮೇಲೆ ಅಡಿಕೆ ಸುಲಿಯುವ ಹೆಂಗಸರು ಮೆಟ್ಟುಗತ್ತಿ ಮುಂದೆ ದಿನವಿಡೀ ಕೂರುತ್ತಾರೆ. ಅದೇ ಕೆಲಸಕ್ಕೆ ಯಂತ್ರ ಬಂದರೆ ಅದರ ಬೆಲ್ಟ್ ಬದಲಿಸಲು ಗಂಡಸರನ್ನೇ ಕರೆಯುತ್ತಾರೆ. ಹೆಣ್ಣುಮಕ್ಕಳ ಬೆರಳು ನಾಜೂಕು, ಎಲೆಕ್ಟ್ರಾನಿಕ್ಸಿಗೆ ಒಳ್ಳೆಯದು ಅಂತ ಒಬ್ಬ ಅತಿಥಿ ನಮ್ಮಲ್ಲಿ ಹೇಳಿ ಹೋಗಿದ್ದರು. ಸಿಟ್ಟು ಬಂತು. ಬೆರಳಿನ ಮಾತಲ್ಲ, ಸಲಕರಣೆ ಯಾರ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಅನ್ನುವ ಮಾತು.

ಆದ್ದರಿಂದ ಇಬ್ಬರಿಗೆ ಒಂದು ಕಿಟ್. ಅದಕ್ಕಿಂತ ಜಾಸ್ತಿ ಜನ ಬೇಡ. ದುಡ್ಡು ಸಾಲದಿದ್ದರೆ ಮಕ್ಕಳ ಸಂಖ್ಯೆ ಕಡಿಮೆ ಮಾಡು, ಕಿಟ್ ಕಡಿಮೆ ಮಾಡಬೇಡ. ರೋಬೋಟ್ ಬೇಡವೇ ಬೇಡ.

ನಾವಿಲ್ಲಿ ಏನು ಮಾಡಿದೆವು ಅಂತ ಹೇಳುತ್ತೇನೆ ಕೇಳು. ನಮ್ಮ ಶಾಲೆ ಅಘನಾಶಿನಿ ಅಳಿವೆಯ ಹತ್ತಿರ. ಬೇಸಿಗೆ ಏರಿದಂತೆ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಗಜನಿ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ, ಅದನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲೇ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಅಂದರೆ ಉಪ್ಪು ಈ ಮಕ್ಕಳಿಗೆ ಪಾಠದ ವಿಷಯ ಅಲ್ಲ, ಮನೆಯ ವಿಷಯ. ಎಲ್ಲರಿಗೂ ಮನೆಯಿಂದ ಒಂದು ಬಾಟಲಿ ನೀರು ತರಲು ಹೇಳಿದೆ. ಬಾವಿ, ಬೋರ್‌ವೆಲ್, ನಲ್ಲಿ, ಗಜನಿ, ಹೊಳೆ, ಸಮುದ್ರ, ಎಲ್ಲ ಬಂತು.

ಸಾಮಾನು ಇಷ್ಟೇ: ಒಂಬತ್ತು ವೋಲ್ಟಿನ ಬ್ಯಾಟರಿ, ಕೆಂಪು ಎಲ್‌ಇಡಿ, 330 ಓಮ್ ರೆಸಿಸ್ಟರ್, ತಾಮ್ರದ ತಂತಿ. ತಂತಿಯ ಎರಡು ತುದಿಗಳನ್ನು ಒಂದು ಸೆಂಟಿಮೀಟರ್ ದೂರಕ್ಕೆ ರಟ್ಟಿಗೆ ಚುಚ್ಚಿ ನಿಲ್ಲಿಸಿ ನೀರಿಗೆ ಇಳಿಸುವುದು. ನೀರಿನಲ್ಲಿ ಉಪ್ಪು ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ ಹರಿಯುತ್ತದೆ, ದೀಪ ಜೋರಾಗುತ್ತದೆ. ರೆಸಿಸ್ಟರ್ ಯಾಕೆ ಅಂತ ನಾನು ಹೇಳಲಿಲ್ಲ. ಒಂದು ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಹಚ್ಚಲು ಬಿಟ್ಟೆ. ಠುಸ್ ಅಂತು. ಆಮೇಲೆ ಲೆಕ್ಕ ಹಾಕಿದೆವು: ಒಂಬತ್ತರಲ್ಲಿ ಎರಡು ವೋಲ್ಟ್ ದೀಪಕ್ಕೆ, ಉಳಿದ ಏಳನ್ನು 330ರಿಂದ ಭಾಗಿಸಿದರೆ ಸುಮಾರು 21 ಮಿಲಿಆಂಪಿಯರ್. ದೀಪ ತಡೆಯುವುದು ಅಷ್ಟನ್ನೇ. ಓಮ್‌ನ ನಿಯಮ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಎರಡು ರೂಪಾಯಿಯ ದೀಪ ಸುಟ್ಟರೆ ಸುಡಲಿ ಬಿಡು.

ತಂತಿ ಸುಲಿಯುವುದೇ ಮೊದಲು ದೊಡ್ಡ ಕೆಲಸವಾಯಿತು. ಹಲ್ಲಿನಿಂದ ಕಚ್ಚಲು ಹೋದವರಿಗೆ ಬೈದೆ. ಕಟರನ್ನು ಜೋರಾಗಿ ಒತ್ತಿದರೆ ತಾಮ್ರವೂ ತುಂಡು, ಮೆಲ್ಲಗೆ ಒತ್ತಿದರೆ ಪ್ಲಾಸ್ಟಿಕ್ ಬಿಡುವುದಿಲ್ಲ. ಒಂದಿಷ್ಟು ತಂತಿ ಹಾಳಾದ ಮೇಲೆ ಕೈಗೆ ಹದ ಸಿಕ್ಕಿತು. ಬಾವಿಯ ನೀರಿಗೆ ದೀಪ ಮಿಣುಕು ಮಿಣುಕು, ಕೈ ಅಡ್ಡ ಹಿಡಿದು ನೆರಳು ಮಾಡಿದರೆ ಮಾತ್ರ ಕಾಣುತ್ತಿತ್ತು. ಗಜನಿ ನೀರಿಗೆ ಝಗ್ ಅಂತು.

ಸಮುದ್ರದ ನೀರು ತಂದವಳು ದೀಪ ನೋಡುವುದು ಬಿಟ್ಟು ಲೋಟದೊಳಗೇ ನೋಡುತ್ತಿದ್ದಳು. ಒಂದು ತಂತಿಯ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಇನ್ನೊಂದು ತಂತಿಗೆ ಹಸಿರು ಹಿಡಿಯತೊಡಗಿತ್ತು. "ಅಕ್ಕೋರೆ, ಇದಕ್ಕೆ ಕಿಲುಬು ಬಂತು!" ಅಂದಳು. ಹುಣಸೆಹಣ್ಣು ಹಾಕಿ ತಾಮ್ರದ ಕೊಡ ತಿಕ್ಕಿದ ಹುಡುಗಿ, ಕಿಲುಬಿನ ಗುರುತು ಅವಳಿಗಿದೆ. ಬ್ಯಾಟರಿಯ ತಂತಿ ಅದಲು ಬದಲು ಮಾಡಿ, ಎಲ್‌ಇಡಿಯನ್ನೂ ತಿರುಗಿಸಿ ಹಚ್ಚಿ ನೋಡು ಅಂದೆ. ಗುಳ್ಳೆ ಆ ಕಡೆಗೆ ಹೋಯಿತು, ಹಸಿರು ಈ ಕಡೆಗೆ ಬಂತು. ಗುಳ್ಳೆ ಏಳುವುದು ಋಣ ತುದಿಯಲ್ಲಿ, ಅದು ಹೈಡ್ರೋಜನ್. ತಾಮ್ರ ಕರಗುವುದು ಧನ ತುದಿಯಲ್ಲಿ. ನನ್ನ ಯೋಜನೆಯಲ್ಲಿ ಇಲ್ಲದ ಪಾಠ ಇದು. ಅವತ್ತು ಜಾಸ್ತಿ ಹೊತ್ತು ಹಿಡಿದದ್ದೂ ಇದೇ.

ಆಮೇಲೆ ಟಿಡಿಎಸ್ ಮೀಟರ್, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವಂಥದ್ದು. ಪೆನ್ನಿನಷ್ಟು ಉದ್ದದ್ದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲವಾದರೆ 2000ದವರೆಗೆ. ಸಮುದ್ರದ ನೀರಿನಲ್ಲಿ ಸುಮಾರು 35,000. ಅಷ್ಟಕ್ಕೆ ಈ ಸಣ್ಣ ಮೀಟರ್ ಕೈಚೆಲ್ಲುತ್ತದೆ. ಒಂದು ಪಾಲು ಸಮುದ್ರದ ನೀರಿಗೆ ಒಂಬತ್ತು ಪಾಲು ಬ್ಯಾಟರಿ ವಾಟರ್ (ಲವಣ ತೆಗೆದ ನೀರು) ಬೆರೆಸಿ ಅಳೆದು, ಬಂದದ್ದನ್ನು ಹತ್ತರಿಂದ ಗುಣಿಸಿದರಾಯಿತು. ಈ ಉಪಾಯ ಹೊಳೆದದ್ದು ಗಣಿತದಲ್ಲಿ ಯಾವಾಗಲೂ ಹಿಂದೆ ಬೀಳುವ ಒಬ್ಬಳಿಗೆ.

ಕೊನೆಯ ಒಂದು ಗಂಟೆಗೆ ತಾಯಂದಿರನ್ನು ಕರೆದಿದ್ದೆ. ನೀನೂ ಕರೆಯಲೇಬೇಕು, ಇದನ್ನು ಮರೆಯಬೇಡ. ಪಿಯುಸಿಯಲ್ಲಿ ಸೈನ್ಸ್ ಕೊಡಿಸಬೇಕೋ ಬೇಡವೋ ಅನ್ನುವ ಮಾತು ನಡೆಯುವುದು ಮನೆಯಲ್ಲಿ, ಶಾಲೆಯಲ್ಲಲ್ಲ. ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪಿಮೀನು, ಹೆಕ್ಕುವ ಒಬ್ಬ ತಾಯಿ ಬಂದಿದ್ದರು. ಬಾಟಲಿಗಳಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ಸಾಲಾಗಿ ಜೋಡಿಸಿಯೇ ಬಿಟ್ಟರು. ಹೆಚ್ಚುಕಮ್ಮಿ ಮೀಟರಿನ ಸಾಲೇ. ಆದರೆ ಅವರು "ಇವೆರಡೂ ಒಂದೇ" ಅಂದ ಎರಡು ಬಾವಿಗಳ ನಡುವೆ ಮೀಟರ್ ದುಪ್ಪಟ್ಟು ವ್ಯತ್ಯಾಸ ತೋರಿಸಿತು. ಅಷ್ಟು ಕಡಿಮೆ ಉಪ್ಪು ನಾಲಿಗೆಗೆ ತಿಳಿಯುವುದಿಲ್ಲ. ಮಗಳು ಹೇಳಿದಳು, ಅವರು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಬಾವಿ ತುಂಬಾ ನೀರಿದೆ ಅಕ್ಕೋರೆ. ಮೇ ತಿಂಗಳಲ್ಲಿ ನೋಡಿದ್ರಾ?" ಅಂದರು.

ಅಲ್ಲಿಗೆ ನನ್ನ ಒಂದು ದಿನದ ಕಾರ್ಯಾಗಾರದ ಕಥೆ ಮುಗಿಯಿತು. ಡಿಸೆಂಬರಿನ ಒಂದು ಅಳತೆಯಿಂದ ಯಾವ ಬಾವಿಯ ಬಗ್ಗೆಯೂ ಏನೂ ಹೇಳಲಾಗದು. ತಿಂಗಳಿಗೊಮ್ಮೆ ಅಳೆಯಬೇಕು. ಹೊಳೆಯಾದರೆ ಭರತ (ಸಮುದ್ರದ ಉಬ್ಬರ) ಬಂದಾಗ ಒಮ್ಮೆ, ಇಳಿದಾಗ ಒಮ್ಮೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಶಾಲೆಯ ಗಂಟೆಗೆ ಅದು ಕಾಯುವುದಿಲ್ಲ. ಮೇ ತಿಂಗಳಲ್ಲಿ ಶಾಲೆಗೇ ರಜೆ. ಮೀಟರ್ ನನ್ನ ಬೀರುವಿನಲ್ಲಿದ್ದರೆ ಏನು ಪ್ರಯೋಜನ? ಹುಡುಗಿಯರ ಮನೆಯಲ್ಲಿರಬೇಕು. ಅದಕ್ಕೇ ಹೇಳುವುದು, ತಂದ ಕಿಟ್ ಇಲ್ಲೇ ಬಿಟ್ಟು ಹೋಗು. ಕಳೆಯುತ್ತದೆ, ತಮ್ಮ ಆಟಕ್ಕೆ ಒಯ್ಯುತ್ತಾನೆ, ಬ್ಯಾಟರಿ ಟಿವಿ ರಿಮೋಟಿಗೆ ಹೋಗುತ್ತದೆ ಅಂತ ನಿಮ್ಮ ಆಡಿಟ್‌ನವರು ಅನ್ನಬಹುದು. ಹೋಗಲಿ. ಒಂಬತ್ತು ವೋಲ್ಟಿನದು ರಿಮೋಟಿಗೆ ಕೂರುವುದಿಲ್ಲ ಅಂತ ಅವರಿಗೆ ಹೇಳು.

ಶಿರಸಿಯದ್ದು ಬೇರೆ ಕಾರ್ಯಾಗಾರ ಮಾಡಬೇಡ, ಇದಕ್ಕೇ ಸೇರಿಸು. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲೇ ಅಲ್ವಾ, ಶಂಕರ ಹೊಂಡದಲ್ಲಿ. ಕಾಳಿಗೆ ಸೂಪಾ, ಕದ್ರಾ, ಶರಾವತಿಗೆ ಲಿಂಗನಮಕ್ಕಿ ಇದ್ದ ಹಾಗೆ ಇದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮಳೆ ನೇರ ಸಮುದ್ರಕ್ಕೆ ಬರುತ್ತದೆ. ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಅಲ್ಲಿಯ ಹುಡುಗಿಯರು ಬಾಟಲಿಯಲ್ಲಿ ಮಳೆಮಾಪಕ ಮಾಡಿ ಮಳೆ ಅಳೆಯಲಿ, ಇಲ್ಲಿಯವರು ಉಪ್ಪು ಅಳೆಯಲಿ. ಮೇಲೆ ಎಷ್ಟು ಮಳೆ ಬಿದ್ದ ಮೇಲೆ ಕೆಳಗೆ ಉಪ್ಪು ಎಷ್ಟು ಇಳಿಯಿತು ಅಂತ ಫೋನಿನಲ್ಲಿ ಮಾತಾಡಿಕೊಳ್ಳಲಿ. ಇದಕ್ಕೆ ಉತ್ತರ ನನಗೂ ಪುಸ್ತಕದಲ್ಲಿ ಸಿಕ್ಕಿಲ್ಲ. ಹಾಗಾಗಿ ನಾನು ಹೇಳಿದ್ದೇ ಸರಿ ಅಂತ ಅವರು ಸುಮ್ನೆ ಕೂರುವ ಹಾಗಿಲ್ಲ.

ಭಾಷಣ ಬೇಕೇ ಬೇಕು ಅಂದರೆ ಯಾವುದಾದರೂ ಸ್ಥಾವರದಲ್ಲೋ ಹಡಗುಕಟ್ಟೆಯಲ್ಲೋ ಕೆಲಸ ಮಾಡುವ ಹೆಣ್ಣುಮಗಳನ್ನು ಕರೆತಾ. ಕಾರವಾರ ಕಡೆಯವರಿಗೆ ಎಂಜಿನಿಯರ್ ಅಂದರೆ ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರಿನಲ್ಲಿ ವಿಶ್ವದಾಖಲೆ ಮಾಡಿತು. ಅದು ಎಲ್ಲರಿಗೂ ಗೊತ್ತು, ಒಳಗೆ ದಿನಾ ಯಾರು ಏನು ಬಿಚ್ಚಿ ಜೋಡಿಸುತ್ತಾರೆ ಅನ್ನುವುದು ಗೊತ್ತಿಲ್ಲ. ಸಾಧನೆ ಬೇಡ, ಪಂಪ್ ಕೆಟ್ಟ ದಿನ ಏನು ಮಾಡಿದೆ ಅಂತ ಅವಳು ಹೇಳಲಿ.

ಪೋಸ್ಟರಿಗೆ ಮೇರಿ ಕ್ಯೂರಿ ಜೊತೆ ಅನ್ನಾ ಮಣಿಯನ್ನೂ ಹಾಕು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಹತ್ತಿರ ವಜ್ರದ ಬೆಳಕಿನ ಮೇಲೆ ಕೆಲಸ ಮಾಡಿದವರು. ಎಂ.ಎಸ್ಸಿ ಇಲ್ಲ ಅಂತ ಪಿಎಚ್‌ಡಿ ಕೊಡಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ವಾಪಸ್ ಬಂದು ಹವಾಮಾನ ಇಲಾಖೆ ಸೇರಿದರು. ಹೊರಗಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಲು ಸುಮಾರು ನೂರು ಉಪಕರಣಗಳ ನಕ್ಷೆ ಸಿದ್ಧಪಡಿಸಿದರು. ಬಾಟಲಿ ಕತ್ತರಿಸಿ ಮಳೆಮಾಪಕ ಮಾಡುವ ಹುಡುಗಿಗೆ ಅವರು ಹತ್ತಿರದವರು ಅನ್ನಿಸಬಹುದು.

ಇನ್ನು ತರುವ ಸಾಮಾನು. ಮಲ್ಟಿಮೀಟರ್ ಇಬ್ಬರಿಗೊಂದು. ಸೋಲ್ಡರಿಂಗ್ ಐರನ್ 25 ವ್ಯಾಟಿನದು ಸಾಕು, ಸ್ಟ್ಯಾಂಡ್ ಸಮೇತ. ಸೀಸ ಇಲ್ಲದ ಸೋಲ್ಡರ್ ಸಿಕ್ಕರೆ ಅದನ್ನೇ ತಾ, ಇಲ್ಲದಿದ್ದರೆ ಊಟಕ್ಕೆ ಮುಂಚೆ ಎಲ್ಲರ ಕೈ ಸೋಪು ಹಾಕಿ ತೊಳೆಸುವ ಜವಾಬ್ದಾರಿ ನಿನ್ನದು. ಟಿಡಿಎಸ್ ಮೀಟರ್ ಆದಷ್ಟು ಜಾಸ್ತಿ. ಟೀ ಶರ್ಟ್ ಬೇಡ, ಆ ದುಡ್ಡಿಗೆ ವೈರ್ ಕಟರ್ ತಾ, ನಮ್ಮಲ್ಲಿ ನೆಟ್ಟಗಿರುವುದು ಒಂದೇ. ಸಂಜೆ ಐದರ ಬಸ್ ತಪ್ಪಿದರೆ ಒಳಗಿನ ಹಳ್ಳಿಯ ಹುಡುಗಿಯರಿಗೆ ಮನೆ ಸೇರಲು ಕಷ್ಟ, ನಾಲ್ಕೂವರೆಗೆ ಮುಗಿಸಲೇಬೇಕು. ಫೋಟೋ ತೆಗೆಯುವವರಿಗೂ ಇದನ್ನು ಹೇಳಿಡು.

ಹೆಡ್‌ಮಾಸ್ತರರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಡಿಸೆಂಬರಿನ ಎರಡನೇ ವಾರ ಆಗುತ್ತದಾ ನೋಡಿ ತಿಳಿಸು. ಆಮೇಲೆ ಮೇ ತಿಂಗಳಿಗೂ ರಜೆ ಹಾಕಿಡು, ಬಾವಿ ನೋಡಲು ನೀನೂ ಬರಬೇಕು.

ನಿನ್ನ ಗೆಳತಿ