ಜೈಲಿನ ಮೊದಲ ರಾತ್ರಿಗೆ ಕಾವಲು ಕೊಡಿ

ಮಾನ್ಯ ಸಂಪಾದಕರೇ,

ಜೈಲಿನಲ್ಲಿ ಮೊಬೈಲ್ ಸಿಕ್ಕಿತು, ಗಾಂಜಾ ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ ಓದುಗರ ಅಂಕಣದಲ್ಲಿ ‘ಸಿಬ್ಬಂದಿಯೆಲ್ಲ ಶಾಮೀಲು’ ಎಂಬ ಪತ್ರಗಳು ಬರುತ್ತವೆ. ದುಡ್ಡಿಗೆ ಕೈಯೊಡ್ಡುವವರು ನಮ್ಮಲ್ಲಿದ್ದಾರೆ, ಅಂಥವರಿಗೆ ಶಿಕ್ಷೆಯಾಗಲೇಬೇಕು. ನಾನು ಬರೆಯುತ್ತಿರುವುದು ಬೇರೆ ವಿಷಯ. ವಾರ್ಡರ್ ಆಗಿ ಸೇರಿ ಹೆಡ್ ವಾರ್ಡರ್ ಆಗಿ ನಿವೃತ್ತನಾದವನು ನಾನು. ಕೆಲವು ವರ್ಷ ಕೊಪ್ಪಳದಲ್ಲಿ, ಉಳಿದದ್ದೆಲ್ಲ ಬಳ್ಳಾರಿಯಲ್ಲಿ. ಈ ನೌಕರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಯಾವುದೆಂದು ಯಾರಾದರೂ ಕೇಳಿದರೆ, ಗಲಾಟೆಯ ದಿನ ಎನ್ನುವುದಿಲ್ಲ. ಹೊಸದಾಗಿ ಬಂದ ಮನುಷ್ಯನ ಮೊದಲ ರಾತ್ರಿ ಎನ್ನುತ್ತೇನೆ.

ಸಂಜೆ ಹೊತ್ತಿಗೆ ಕೋರ್ಟಿನಿಂದ ವ್ಯಾನ್ ಬರುತ್ತದೆ. ವಾರಂಟ್ ನೋಡಿ, ಹೆಸರು, ತಂದೆ ಹೆಸರು, ಮೈಮೇಲಿನ ಮಚ್ಚೆ ಗುರುತು ಬರೆದುಕೊಂಡು, ಜೇಬಿನಲ್ಲಿದ್ದ ದುಡ್ಡು, ಬೆರಳಿನ ಉಂಗುರ ತೆಗೆದಿಟ್ಟು ರಿಜಿಸ್ಟರ್‌ಗೆ ಸಹಿ ಹಾಕಿಸುತ್ತೇವೆ. ತಟ್ಟೆ, ಲೋಟ, ಕಂಬಳಿ ಕೊಟ್ಟು ಬ್ಯಾರಕ್‌ಗೆ ಬಿಡುತ್ತೇವೆ. ಎಣಿಕೆ ತಾಳೆಯಾದರೆ ಬೀಗ. ಕಾಗದದ ಕೆಲಸ ಅಲ್ಲಿಗೆ ಮುಗಿಯಿತು. ಆ ಮನುಷ್ಯನ ರಾತ್ರಿ ಆಗಷ್ಟೇ ಶುರುವಾಗಿರುತ್ತದೆ.

ಸಿರುಗುಪ್ಪ ಕಡೆಯ ರೈತನೊಬ್ಬ ಕಾಲುವೆ ನೀರಿನ ಜಗಳದ ಕೇಸಿನಲ್ಲಿ ಬಂದಿದ್ದ. ನನ್ನದು ರಾತ್ರಿ ಪಾಳಿ. ಎಲ್ಲರೂ ಮಲಗಿದ್ದರೂ ಅವನು ಗೋಡೆಗೆ ಒರಗಿ ಕೂತೇ ಇದ್ದ, ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. “ಯಾಕಪ್ಪಾ, ಉಣ್ಣಲಿಲ್ಲ?” ಅಂದೆ. “ಗದ್ದಿಗೆ ನೀರು ಬಿಟ್ಟು ಹಂಗೇ ಬಂದೀನ್ರೀ ಸಾರ್. ನಿಲ್ಲಿಸೋರು ಯಾರೂ ಇಲ್ಲ” ಅಂದ. ಕೇಸಿನ ಮಾತಿಲ್ಲ, ಜಾಮೀನಿನ ಮಾತಿಲ್ಲ. ಎಷ್ಟು ಕೇಳಿದರೂ ಅದೊಂದೇ ಮಾತು. ಮಡಿ ತುಂಬಿದರೆ ನೀರು ಪಕ್ಕದವನ ಹೊಲಕ್ಕೆ ನುಗ್ಗುತ್ತದೆ, ಜಗಳ ಆದದ್ದೇ ಆ ಪಕ್ಕದವನ ಜೊತೆ. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ ಇಬ್ಬರೇ.

ಸರಳಿನ ಈಚೆ ನಿಂತು ಮಾತಿಗೆಳೆದೆ. ಯಾವ ಭತ್ತ, ನಾಟಿ ಯಾವಾಗ, ಎಷ್ಟು ಎಕರೆ ಎಂದೆಲ್ಲ ಕೇಳಿದೆ. ಎರಡು ತುತ್ತು ಉಂಡ. ವಯಸ್ಸಾದ ಕೈದಿಯೊಬ್ಬರನ್ನು ಎಬ್ಬಿಸಿ, “ಯಜಮಾನ್ರೇ, ಈ ಹುಡುಗನ ಪಕ್ಕ ಹಾಸಿಕೊಳ್ರಿ” ಎಂದೆ. ಬೆಳಿಗ್ಗೆ ಜೈಲರ್ ಸಾಹೇಬರಿಗೆ ತಿಳಿಸಿ ಮನೆಗೆ ಫೋನ್ ಮಾಡಿಸಿದೆವು. ರಾತ್ರಿಯೇ ಭಾವಮೈದ ಹೋಗಿ ನೀರು ತಿರುಗಿಸಿದ್ದನಂತೆ. ಅದನ್ನು ಹೇಳಿದಾಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಚಹಾ ಕುಡಿದ. ಅವನು ಅಪರಾಧಿಯೋ ಅಲ್ಲವೋ ಅದು ನ್ಯಾಯಾಧೀಶರಿಗೆ ಬಿಟ್ಟದ್ದು. ಬೆಳಗಿನ ತನಕ ಅವನನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಂತೆ 2022ರಲ್ಲಿ ದೇಶದ ಜೈಲುಗಳಲ್ಲಿ 159 ಅಸಹಜ ಸಾವುಗಳಾದವು. ಅದರಲ್ಲಿ 119 ಆತ್ಮಹತ್ಯೆ. ಕೈದಿ ಕೈದಿಯನ್ನು ಕೊಂದರೆ ಮುಖಪುಟದ ಸುದ್ದಿ. ಈ 119 ಮಂದಿಯ ಬಗ್ಗೆ ಬಹಳ ಮಾಡಿದರೆ ಒಳಪುಟದಲ್ಲಿ ನಾಲ್ಕು ಸಾಲು ಬಂದಿರಬಹುದು. 2024ರ ಆಗಸ್ಟ್‌ನಲ್ಲಿ ಹೆಸರಾಂತ ನಟರೊಬ್ಬರನ್ನು ಬೆಂಗಳೂರಿನಿಂದ ನಮ್ಮ ಬಳ್ಳಾರಿ ಜೈಲಿಗೆ ಕಳಿಸಿದಾಗ ಗೇಟಿನ ಮುಂದೆ ಹಗಲೂ ರಾತ್ರಿ ಕ್ಯಾಮೆರಾ. ಅವರ ಊಟ, ಅವರ ಟಿ.ವಿ., ಅವರ ಕುರ್ಚಿ ಎಲ್ಲವೂ ರಾಜ್ಯಕ್ಕೆ ಗೊತ್ತಾಯಿತು. ಅದೇ ಗೇಟಿನಿಂದ ಒಳಹೋದ ಬಡವನ ರಾತ್ರಿ ಹೇಗೆ ಕಳೆಯಿತೆಂದು ಒಬ್ಬರೂ ಕೇಳಲಿಲ್ಲ. ಇದು ನನಗೆ ಇಂದಿಗೂ ನೋವಿನ ವಿಷಯ.

ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆನ್ನುತ್ತದೆ. ಮೂರು ಪಾಳಿಗೆ ಹಂಚಿ ನೋಡಿ: ಕೈಪಿಡಿಯನ್ನು ಅಕ್ಷರಶಃ ಪಾಲಿಸಿದರೂ ಒಬ್ಬನ ಕಣ್ಣಳತೆಗೆ 18 ಮಂದಿ. ರಜೆ, ಕಾಯಿಲೆ, ಖಾಲಿ ಹುದ್ದೆ ಲೆಕ್ಕ ಹಿಡಿದರೆ ಅದೂ ದಕ್ಕುವುದಿಲ್ಲ. ನಾನಿದ್ದಾಗ ರಾತ್ರಿ ಒಬ್ಬನೇ ಬ್ಯಾರಕ್‌ನಿಂದ ಬ್ಯಾರಕ್‌ಗೆ ಟಾರ್ಚ್ ಹಿಡಿದು ತಿರುಗುತ್ತಿದ್ದೆ. ವಾರದ ರಜೆ ಚಾರ್ಟಿನಲ್ಲಿರುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಹಿಂದಿನ ಪಾಳಿಯೂ ಅವನದೇ ಆಗಿ ನಿದ್ದೆಗೆಟ್ಟ ವಾರ್ಡರ್‌ಗೆ ಗೋಡೆಗೆ ಒರಗಿ ಕೂತವನು ಕಾಣುತ್ತಾನೆಯೇ? ಏಪ್ರಿಲ್-ಮೇ ತಿಂಗಳ ಬಳ್ಳಾರಿ ಸೆಕೆಯಲ್ಲಿ ಕಾದ ಗೋಡೆಗಳ ನಡುವೆ ಬೆಳಗಿನ ಜಾವದವರೆಗೂ ಯಾರಿಗೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಯಾರು ಸೆಕೆಗೆ ಎದ್ದು ಕೂತಿದ್ದಾನೆ, ಯಾರು ಸಂಕಟಕ್ಕೆ ಎದ್ದು ಕೂತಿದ್ದಾನೆ ಎಂದು ತಿಳಿಯಬೇಕಾದರೆ ನಿಂತು ಮಾತಾಡಿಸಲು ಪುರಸೊತ್ತು ಬೇಕು.

ಜೈಲಿನಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ಒಳ್ಳೆಯ ಕಾನೂನು, ಇರಲೇಬೇಕು. ಸಾಯುವ ಮುಂಚಿನ ರಾತ್ರಿಗೂ ಅಷ್ಟೇ ಬಿಗಿಯಾದ ಏರ್ಪಾಡು ಬೇಕೆಂದು ನನ್ನ ಮನವಿ.

ನಮ್ಮ ದೇಶದ ಕೈದಿಗಳಲ್ಲಿ ನಾಲ್ವರಿಗೆ ಮೂವರು ಇನ್ನೂ ವಿಚಾರಣೆಯಲ್ಲಿರುವವರು. ಜಾಮೀನು ಮಂಜೂರಾದರೂ ಶ್ಯೂರಿಟಿಗೆ ಪಹಣಿ ತರುವವರಿಲ್ಲದೆ ಉಳಿದುಬಿಡುವವರನ್ನು ಕಣ್ಣಾರೆ ಕಂಡಿದ್ದೇನೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಶಿಕ್ಷೆಯಾಗಿಲ್ಲದ, ಮರಣದಂಡನೆ ಅಥವಾ ಜೀವಾವಧಿಯ ಆರೋಪವಿಲ್ಲದ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಬೇರೆ ಕೇಸು ಬಾಕಿ ಇಲ್ಲದಿದ್ದರೆ, ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಬರೆಯಬೇಕು. ಅದನ್ನು ತಪ್ಪದೆ ಬರೆದರೆ ಬ್ಯಾರಕ್ ಸಡಿಲವಾಗುತ್ತದೆ, ಉಳಿದವರ ಮುಖ ನೋಡಲು ವಾರ್ಡರ್‌ಗೂ ಬಿಡುವಾಗುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯ ಶಾಸಕರಲ್ಲಿ, ಇಲಾಖೆಯಲ್ಲಿ ಕೇಳಿಕೊಳ್ಳುವುದಿಷ್ಟು: ಖಾಲಿ ಹುದ್ದೆ ತುಂಬಿ, ವಾರದ ರಜೆ ನಿಜವಾಗಿ ಕೊಡಿ. ಹೊಸಬರು ಬಂದ ದಿನವೇ ಮನೆಗೊಂದು ಫೋನ್ ಕಡ್ಡಾಯವಾಗಲಿ. ಮೊದಲ ವಾರ ಅವರನ್ನು ಒಂದೇ ಬ್ಯಾರಕ್‌ನಲ್ಲಿಟ್ಟು, ಬೇರೆ ಯಾವ ಕೆಲಸಕ್ಕೂ ಎಳೆಯದ ವಾರ್ಡರ್ ಒಬ್ಬರನ್ನು ಪ್ರತಿ ಪಾಳಿಯಲ್ಲೂ ಅಲ್ಲಿಗೇ ಹಾಕಿ. ಲಾಠಿ ತರಬೇತಿಯ ಜೊತೆಗೆ ಮಾತಾಡಿಸುವ ತರಬೇತಿಯನ್ನೂ ಕೊಡಿ. ಅದನ್ನು ಕಲಿಸಲು ನನ್ನಂಥ ನಿವೃತ್ತರನ್ನು ಕರೆದರೆ ಸಂಬಳವಿಲ್ಲದೆ ಬರುತ್ತೇವೆ.

— ನಿವೃತ್ತ ಹೆಡ್ ವಾರ್ಡರ್, ಕೌಲ್‌ಬಜಾರ್, ಬಳ್ಳಾರಿ