ಮೆಷಿನ್ ಬಂದಾಗ ಕೂಲಿ ಲೆಕ್ಕವೂ ಬದಲಾಗಲಿ

ಮಾನ್ಯ ಸಂಪಾದಕರೇ,

ಗೇರುಬೀಜ ಕಾರ್ಖಾನೆಗೆ ಎಷ್ಟು ಒಳ್ಳೆಯ ಮೆಷಿನ್ ತಂದರೂ ಹೆಂಗಸರು ಒಗ್ಗಿಕೊಳ್ಳುವುದಿಲ್ಲ, ಹಟ ಮಾಡುತ್ತಾರೆ ಎಂಬ ಮಾತು ನಮ್ಮ ಕಡೆಯ ಧನಿಗಳ ಬಾಯಲ್ಲಿ ಆಗಾಗ ಬರುತ್ತದೆ. ಕಾರ್ಕಳ ಕಡೆಯ ಒಂದು ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ವಿಭಾಗದ ಸೂಪರ್‌ವೈಸರ್ ಆಗಿದ್ದವಳು ನಾನು. ಅದಕ್ಕೂ ಮೊದಲು ಅದೇ ಬೆಂಚಿನಲ್ಲಿ ಕೂತು ಸಿಪ್ಪೆ ತೆಗೆದವಳು. ಈ ಹಟ ಎಲ್ಲಿಂದ ಹುಟ್ಟುತ್ತದೆ ಎಂದು ಹೇಳಲೇಬೇಕು ಅನಿಸಿತು.

ನಮ್ಮಲ್ಲಿ ಕೂಲಿ ಕಿಲೋ ಲೆಕ್ಕ. ಬೋರ್ಮಾ ಎಂಬ ಬಿಸಿ ಗೂಡಿನಲ್ಲಿ ಒಣಗಿ ಬಂದ ತಿರುಳಿನ ಕೆಂಪು ಸಿಪ್ಪೆ ತೆಗೆದು ತೂಗಿಸಿದಷ್ಟಕ್ಕೆ ದುಡ್ಡು. ಒಂದು ಟ್ರೇಯಲ್ಲಿ ಮುಟ್ಟಿದರೆ ಸಿಪ್ಪೆ ಬಿಡುವ ಬೀಜವೂ ಇರುತ್ತದೆ, ಬಿಡಿಸಿ ಸಾಕಾಗುವುದೂ ಇರುತ್ತದೆ. ಎರಡೂ ಸೇರಿ ದಿನದ ಕೂಲಿ ಹೇಗೋ ಹೊಂದುತ್ತದೆ. ಗಾಳಿ ಊದಿ ಸಿಪ್ಪೆ ತೆಗೆಯುವ ಮೆಷಿನ್ ಬಂತು ನೋಡಿ, ಸುಲಭದ ಸಿಪ್ಪೆಯೆಲ್ಲ ಅದರ ಗಾಳಿಗೆ ಹಾರಿ ಹೋಯಿತು. ಅದಕ್ಕೆ ಆಗದ ಬೀಜ ಮಾತ್ರ ಹೆಂಗಸರ ಮುಂದೆ ಬಂದು ಬಿತ್ತು. ಎಲ್ಲ ಚಾಕು ಹಾಕಿ ಕೆರೆಯುವಂಥದ್ದೇ. ಸ್ವಲ್ಪ ಜೋರು ಮಾಡಿದರೆ ಇಡಿ ಬೀಜ ಎರಡು ಹೋಳಾಗುತ್ತದೆ, ಬೆಲೆ ಇಳಿಯುತ್ತದೆ, ಅದಕ್ಕೆ ಬೈಗುಳ ಬೇರೆ. ಕಿಲೋ ದರ ಮಾತ್ರ ಹಳೆಯದೇ! ಸಂಜೆವರೆಗೆ ಕೂತರೂ ತೂಕ ಆಗುತ್ತಿರಲಿಲ್ಲ. ಇದಕ್ಕಿಂತ ಬೀಡಿ ಕಟ್ಟುವುದೇ ವಾಸಿ ಅಕ್ಕ ಎಂದು ಕೆಲವರು ಬಿಟ್ಟು ಹೋದರು.

ಆಫೀಸಿನವರು ಏನು ಮಾಡಿದರು ಗೊತ್ತಾ? ಹೆಂಗಸರ ಮನಸ್ಸು ಬದಲಾಯಿಸಲು ಮಂಗಳೂರಿನಿಂದ ಒಬ್ಬರನ್ನು ಕರೆಸಿ ಭಾಷಣ ಮಾಡಿಸಿದರು. ಚಾ ತಿಂಡಿ ಚೆನ್ನಾಗಿತ್ತು.

ಮೆಷಿನ್ನೇ ಬೇಡ ಎಂದು ಯಾರೂ ಹೇಳಿಲ್ಲ. ಬೀಜ ಒಡೆಯುವಾಗ ಚಿಪ್ಪಿನ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಕಟ್ಟಿಂಗ್ ಮೆಷಿನ್ ಬಂದಾಗ ಖುಷಿಯೇ ಆಗಿತ್ತು.

ನನ್ನ ಮಗಳು ಎಂಬಿಎ ಓದುತ್ತಿದ್ದಾಳೆ. ಅವಳ ಪಾಠದಲ್ಲಿ 1948ರ ಒಂದು ಅಧ್ಯಯನ ಇದೆ. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆ. ಅಲ್ಲಿಯೂ ಕೂಲಿ ಮಾಡಿದಷ್ಟಕ್ಕೇ. ಒಂದು ಗುಂಪಿಗೆ ಕೆಲಸದ ರೀತಿ ಬದಲಾಗಿದೆ, ಹೊಸ ದರ ಇಷ್ಟು ಎಂದು ಹೇಳಿ ಬಿಟ್ಟರು. 40 ದಿನದೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಬೇರೆ ಎರಡು ಗುಂಪಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಕೆಲಸವನ್ನೂ ದರವನ್ನೂ ಗೊತ್ತು ಮಾಡಿದರು. ಅಲ್ಲಿ ಒಬ್ಬರೂ ಬಿಡಲಿಲ್ಲ, ಕೆಲಸ ಮೊದಲಿಗಿಂತ ಶೇ. 14ರಷ್ಟು ಜಾಸ್ತಿಯೇ ಆಯಿತು. ಇಷ್ಟು ಹಳೆಯ ವಿಷಯ ನಮ್ಮ ಮ್ಯಾನೇಜರುಗಳೂ ಓದಿರುತ್ತಾರೆ ಅಲ್ವಾ?

ಕಾನೂನೂ ಇದೆ. ಕೂಲಿಯಂಥ ವಿಷಯ ಬದಲಿಸುವಾಗ 21 ದಿನ ಮೊದಲೇ ನೋಟಿಸ್ ಕೊಡಬೇಕು ಎಂದು ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದನ್ನು ಉಳಿಸಿದ್ದಾರೆ. ನಮಗೆ ಸುದ್ದಿ ತಿಳಿದದ್ದು ಮೆಷಿನ್ ಹೊತ್ತ ಲಾರಿ ಗೇಟಿಗೆ ಬಂದಾಗ.

ಉಡುಪಿ, ಮಂಗಳೂರಿನ ಕಾರ್ಖಾನೆಯವರಲ್ಲಿ ನನ್ನದೊಂದು ಕೇಳಿಕೆ. ಹೊಸ ಕೆಲಸ ಕೈಗೆ ಹತ್ತುವವರೆಗೆ ಹಿಂದಿನ ಮೂರು ತಿಂಗಳ ಸರಾಸರಿ ಕೂಲಿ ಕೊಡಿ. ಮೆಷಿನ್ ಬಿಟ್ಟ ಬೀಜಕ್ಕೆ ಬೇರೆ ದರ ಮಾಡಿ. ಆ ದರ ಹಾಕುವಾಗ ಎಲ್ಲರಿಗಿಂತ ಬೇಗ ಕೈ ಓಡಿಸುವ ಒಬ್ಬಳನ್ನು ಮಾತ್ರ ವಾಚ್ ಹಿಡಿದು ನೋಡಬೇಡಿ, ನಿಧಾನದವರನ್ನೂ ಕೂರಿಸಿ ನೋಡಿ.

– ನಿವೃತ್ತ ಸೂಪರ್‌ವೈಸರ್, ಕಾರ್ಕಳ